ಝೈನಬ ಕಂಡಳು

"ಕೊನೆಯ ನುಡಿ ನಾನು ಹಾಡುದಿಲ್ಲ" ಎಂದ ಆದಂ ಕುಂಞಿ.

ಝೈನಬಳ ಕೈ ನಿಲ್ಲಲಿಲ್ಲ. ಐವತ್ತೆಂಟನೆಯ ಇಸವಿಯ ಮಾಗಿ. ಕಡಬ ಪೇಟೆಯ ಹಿಂದಿದ್ದ ಆ ಸಣ್ಣ ಮನೆಯ ಜಗಲಿಗೆ ಮಂಜು ನುಗ್ಗಿತ್ತು. ಇಬ್ಬನಿಗೆ ಮೆತ್ತಗಾದ ಕೇದಗೆ ಓಲೆ ಹೇಳಿದ ಹಾಗೆ ಬಾಗುವುದು ಬಿಸಿಲೇರುವ ತನಕ ಮಾತ್ರ. ಆಮೇಲೆ ಮುಟ್ಟಿದರೆ ಸಿಗಿಯುತ್ತದೆ. ಚಳಿಗೆ ಬಿರಿದ ಬೆರಳುಗಳಿಗೆ ತೆಂಗಿನೆಣ್ಣೆ ಸವರಿಕೊಂಡು ಅವಳು ಅಷ್ಟರೊಳಗೆ ದಿನದ ಚಾಪೆ ನೇಯಬೇಕು. ಹಾಡು ಕಟ್ಟುವುದೂ ಅದೇ ಹೊತ್ತಿನಲ್ಲಿ. ಬರೆಯಲು ಬಾರದವಳು, ಕಟ್ಟಿದ್ದೆಲ್ಲ ತಲೆಯಲ್ಲೇ ಇರುತ್ತಿತ್ತು.

ಆದಂ ಕುಂಞಿ ಮದುವೆ ಚಪ್ಪರಗಳಲ್ಲಿ ಹಾಡುವವನು. ಅವನ ಕಂಠಕ್ಕೆ ಪುತ್ತೂರಿನಿಂದ ಸುಳ್ಯದವರೆಗೆ ಹೆಸರಿತ್ತು. ಹಾಡು ಕಟ್ಟುವ ವಿದ್ಯೆ ಮಾತ್ರ ಒಲಿದಿರಲಿಲ್ಲ. ಮೂರು ಚಳಿಗಾಲದಿಂದ ಝೈನಬಳ ಹಾಡುಗಳನ್ನು ಈ ಜಗಲಿಯಲ್ಲೇ ಕೂತು ಬಾಯಿಪಾಠ ಮಾಡಿಕೊಂಡು ಹೋಗಿ, ಯಾರದ್ದೆಂದು ಕೇಳಿದವರಿಗೆ "ಹಳೇ ಕಾಲದ್ದು" ಎನ್ನುತ್ತಿದ್ದ. ಈ ಸಲ ಕಬೀರ್ ಸಾಹುಕಾರರ ಮಗಳ ಮದುವೆಗೆಂದು ಅವಳು ಹತ್ತು ನುಡಿಯ ಹೊಸ ಹಾಡು ಹೇಳಿಕೊಟ್ಟಿದ್ದಳು. ಹತ್ತನೆಯ ನುಡಿಯಲ್ಲಿ, ಇದನ್ನು ಕಟ್ಟಿದವಳು ಝೈನಬ ಎಂದಿತ್ತು.

"ಗಂಡಸರು ಕಟ್ಟಿದ ಹಾಡಿನ ಕೊನೆಗೆ ಅವರ ಹೆಸರು ಇರ್ತದಲ್ಲ, ಆದಂಕಾಕ?"

"ಗಂಡಸರದ್ದು ಬೇರೆ. ಹೆಂಗಸಿನ ಹೆಸರನ್ನು ಅಷ್ಟು ಜನರೆದುರು ಕೂಗಿ ಹೇಳುದಾ? ನಿನ್ನ ಗಂಡ ಅಲಿ ಕುಂಞಿ ಎಂತ ಹೇಳಿಯಾನು?"

"ಹೆಸರಿಟ್ಟದ್ದು ನನ್ನ ಬಾಪ. ಎಲ್ಲಿಂದಲೂ ಕದ್ದು ತಂದದ್ದಲ್ಲ."

"ಒಂದು ಒಳ್ಳೆಯ ಸೀರೆ ತಂದು ಕೊಡ್ತೇನೆ, ಮಾರಾಯ್ತಿ."

"ಸೀರೆ ಹರಿದು ಹೋಗ್ತದೆ."

ಆದಂ ಕುಂಞಿ ಶಾಲು ಹೊದ್ದು ಎದ್ದ. "ಒಂಬತ್ತು ನುಡಿ ನನ್ನ ಬಾಯಿಗೆ ಬಂದಾಗಿದೆ. ಹತ್ತನೆಯದ್ದನ್ನು ಬಿಟ್ಟರೆ ಯಾರಿಗೂ ಗೊತ್ತಾಗುದಿಲ್ಲ" ಎಂದು ಮಂಜಿನೊಳಗೆ ಇಳಿದು ಹೋದ.

ಅವನ ಮಾತು ನಿಜವಾಗಿದ್ದದ್ದೇ ಅವಳನ್ನು ಚುಚ್ಚಿತು. ಅಂಚಿಗೆ ಮಿಕ್ಕ ಓಲೆಯನ್ನು ಕತ್ತರಿಸಿ ಬಿಸಾಡಿದರೆ ಚಾಪೆಗೇನೂ ಆಗುವುದಿಲ್ಲ. ತನ್ನ ಹೆಸರನ್ನು ತಾನೇ ಅಂಚಿನಲ್ಲಿ ಇಟ್ಟಿದ್ದಳು. ಗಾಡಿ ಹೊಡೆಯಲು ಹೊರಟ ಗಂಡ ಅಲಿ ಕುಂಞಿ ಸಮಾಧಾನ ಹೇಳಿದ: "ಬಿಡು, ಮುಂದಿನ ವರ್ಷ ನೋಡುವ."

"ಮುಂದಿನ ವರ್ಷಕ್ಕೆ ಬೇರೆ ಹಾಡು ಬರ್ತದೆ. ಇದು ಈ ವರ್ಷದ್ದು" ಎಂದಳು ಝೈನಬ.

ಮರುದಿನದಿಂದ ಹಾಡನ್ನು ಪೂರ್ತಿ ಬಿಚ್ಚಿ ಮತ್ತೆ ಕಟ್ಟತೊಡಗಿದಳು. ಮೂರು ಬೆಳಗು ಏನೂ ಕೂಡಿ ಬರಲಿಲ್ಲ. ಬೆರಳ ಸೀಳಿನಿಂದ ಒಸರಿದ ರಕ್ತ ಓಲೆಗೆ ತಾಗಿದರೂ, ಬಿಸಿಲು ಬರುವ ತನಕ ಅವಳು ಏಳಲಿಲ್ಲ. ನಾಲ್ಕನೆಯ ಬೆಳಗು ಒಂದು ಸಾಲು ಸಿಕ್ಕಿತು, ಅದರ ಹಿಂದೆ ಉಳಿದದ್ದೂ ಬಂತು. ಆದಂ ಕುಂಞಿಗೆ ಗಂಡನ ಮೂಲಕ ಹೇಳಿ ಕಳುಹಿಸಿದಳು: ಆ ಹಾಡು ಬಿಡಿ, ಅದಕ್ಕಿಂತ ಒಳ್ಳೆಯದು ಉಂಟು.

ಹಾಡುಗಾರನಿಗೆ ಅಷ್ಟು ಕೇಳಿ ಮನೆಯಲ್ಲಿ ಕೂರಲಾದೀತೇ? ಬಂದ. ಝೈನಬ ತಲೆಯೆತ್ತದೆ ಶುರು ಮಾಡಿದಳು.

"ಒಳಮನೆಯ ನೆಲದ ಮೇಲೆ ಮದರಂಗಿ ಪಾದ, ಕಂಡವರಾರು? ಝೈನಬ ಕಂಡಳು.

ಕನ್ನಡಿಗೆ ಬೆನ್ನು ಹಾಕಿ ಅತ್ತದ್ದು ಹುಡುಗಿ, ಕಂಡವರಾರು? ಝೈನಬ ಕಂಡಳು."

ಒಂದೊಂದು ನುಡಿಗೂ ಒಂದು ಪ್ರಶ್ನೆ, ಒಂದು ಉತ್ತರ. ಆದಂ ಕುಂಞಿಯ ಬೆರಳು ಮೊಣಕಾಲಿನ ಮೇಲೆ ತಾಳ ಹಾಕತೊಡಗಿತು. ಐದನೆಯ ನುಡಿಗೆ ಬರುವಾಗ ಅವನೇ ಉತ್ತರ ಹಾಡಿಬಿಟ್ಟಿದ್ದ. ತಟ್ಟನೆ ನಾಲಗೆ ಕಚ್ಚಿಕೊಂಡ.

"ಹಾಡು ಒಳ್ಳೆದುಂಟು. 'ಎಲ್ಲರೂ ಕಂಡರು' ಅಂತ ಮಾಡುವ."

"ಒಳಮನೆಯಲ್ಲಿ ಮದುಮಗಳ ಪಾದವನ್ನು ಎಲ್ಲರೂ ಕಂಡರಾ? ಚಪ್ಪರದಲ್ಲಿ ಹಾಗೆ ಹಾಡಿ ನೋಡಿ. ಕಬೀರ್ ಸಾಹುಕಾರರು ನಿಮ್ಮನ್ನು ಬಿಟ್ಟಾರಾ?"

ಆದಂ ಕುಂಞಿ ಯೋಚಿಸಿದ. "ನಾನು ಕಂಡೆ" ಎಂದರೆ ಇನ್ನೂ ಅಪಾಯ. ಕೊನೆಗೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದ. "ಮೊದಲಿನಿಂದ ಹೇಳು" ಎಂದ.

ಮದುವೆಯ ದಿನ ಮಧ್ಯಾಹ್ನ ಝೈನಬ ಒಳಮನೆಯ ಹೆಂಗಸರ ನಡುವೆ ಕೂತಿದ್ದಳು. ಪರದೆಯ ಆಚೆ ಆದಂ ಕುಂಞಿಯ ಕಂಠ ಏರಿತು. ಮೊದಲ ಬಾರಿ "ಕಂಡವರಾರು?" ಎಂದಾಗ ಜೊತೆಗಾರರು ತಡವರಿಸಿದರು; ಅವನೊಬ್ಬನೇ ಉತ್ತರ ಹಾಡಿದ. ಎರಡನೆಯ ಬಾರಿ ನಾಲ್ಕೈದು ದನಿ ಕೂಡಿದವು. ಮೂರನೆಯದಕ್ಕೆ ಚಪ್ಪರವಿಡೀ ಚಪ್ಪಾಳೆ ತಟ್ಟಿ ಅವಳ ಹೆಸರು ಹೇಳಿತು. ಝೈನಬಳಿಗೆ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.

ಹುಡುಗನ ಕಡೆಯಿಂದ ಪುತ್ತೂರಿನಿಂದ ಬಂದಿದ್ದ ಮುದುಕಿಯೊಬ್ಬಳು ಪಕ್ಕದಲ್ಲಿ ಕೂತಿದ್ದಳು. ವೀಳ್ಯ ಜಗಿಯುವುದನ್ನು ಬಿಟ್ಟು, ಸೆರಗಿನಿಂದ ಕಣ್ಣೊರಸಿಕೊಂಡಳು.

"ಎಂಥ ಪದ! ಈ ಝೈನಬ ಸತ್ತು ನೂರು ವರ್ಷ ಆಗಿರಬೇಕು. ಈಗಿನ ಕಾಲದಲ್ಲಿ ಯಾರು ಹೀಗೆ ಕಟ್ತಾರೆ?"

"ಇಲ್ಲ ಉಮ್ಮಾ" ಎಂದಳು ಝೈನಬ. "ಚಳಿ ಮುಗಿಯಲಿಕ್ಕೆ ಇನ್ನೂ ಹದಿನೈದು ದಿನ ಉಂಟು. ಅವಳು ಇನ್ನೊಂದು ಕಟ್ಟುತ್ತಾ ಇದ್ದಾಳೆ."