ಜೋರು ಉರಿ

ಮಗಳ ತಿಥಿ ಮುಗಿದ ದಿನ ಗೋಡೆಗೆ ಮುಖ ಮಾಡಿ ಮಲಗಿದ ಜವರಮ್ಮ ಐದು ದಿನವಾದರೂ ಎದ್ದಿರಲಿಲ್ಲ. ತುತ್ತು ಅನ್ನ ತಿಂದಿರಲಿಲ್ಲ, ಒಂದು ಮಾತಾಡಿರಲಿಲ್ಲ. ಗಂಡ ನಿಂಗರಾಜು ಬಾಯಿಗೆ ಹಿಡಿದ ನೀರನ್ನಷ್ಟೇ ಗುಟುಕರಿಸುತ್ತಿದ್ದಳು.

"ಹೀಗೇ ಬಿಟ್ರೆ ಇವರನ್ನೂ ಕಳ್ಕೋತೀರ" ಎಂದು ಬೆಳಿಗ್ಗೆ ಡಾಕ್ಟರು ಹೇಳಿ ಹೋಗಿದ್ದರು.

ನಿಂಗರಾಜು ಒಂದು ನಾಟಿಕೋಳಿ ತಂದು, ಕೊಯ್ದು, ಪಾತ್ರೆಗೆ ಹಾಕಿ ಒಲೆ ಹಚ್ಚಿದ. ಅವಳು ಮಲಗಿದ್ದ ಕೋಣೆಯ ಬಾಗಿಲು ತೆರೆದೇ ಇತ್ತು.

"ಜವರಿ, ನೀರು ಎಷ್ಟ್ ಹುಯ್ಲಿ?"

ಪಾತ್ರೆಯ ತುಂಬ ನೀರು ಹುಯ್ದ.

"ಅರಿಶಿನ ಈಗ್ಲೇ ಹಾಕದೋ, ಬೆಂದ್ಮೇಲೋ?"

ಅವಳ ಬೆನ್ನು ಅಲುಗಲಿಲ್ಲ. ಅವನು ಉರಿಯನ್ನು ಪೂರ್ತಿ ಜೋರು ಮಾಡಿದ. ನೀರು ಕೊತಕೊತ ಕುದಿದು, ಉಕ್ಕಿ, ಒಲೆಯ ಮೇಲೆ ಚೊಯ್ಯೆಂದು ಸುರಿಯಿತು.

"ಉಕ್ತಾ ಅದೆ ಕಣಮ್ಮಿ! ಏನ್ ಮಾಡ್ಲಿ? ಹೇಳು, ನಿನ್ ದಮ್ಮಯ್ಯ!"

ಮಂಚ ಕಿರುಗುಟ್ಟಿತು. ಜವರಮ್ಮ ಗೋಡೆ ಹಿಡಿದುಕೊಂಡು ಬಂದವಳೇ ಉರಿ ತಗ್ಗಿಸಿದಳು.

"ಹಿಂಗ್ ಕುದಿಸುದ್ರೆ ಮಾಂಸ ರಬ್ಬರ್ ಆಯ್ತದೆ" ಎಂದಳು, ಒಡೆದ ದನಿಯಲ್ಲಿ. "ಸಣ್ಣ ಉರೀಲಿ, ಮುಚ್ಚಳ ಮುಚ್ಚಿ, ನಿಧಾನುಕ್ಕೆ ಬೇಯಿಸ್ಬೇಕು. ಆಗ್ಲೇ ಮೆತ್ತಗಾಯ್ತದೆ, ರುಚಿ ಇಳೀತದೆ. ಏನಾಗದೆ ನಿಮ್ಗೆ?"

"ನಂಗೊಂದೂ ಗೊತ್ತಾಯ್ತಿಲ್ಲ ಕಣಮ್ಮಿ, ನೀನೇ ನಿಂತ್ಕಂಡು ತೋರ್ಸು" ಎಂದ, ಇಪ್ಪತ್ತೆರಡು ವರ್ಷದಿಂದ ಮಿಲಿಟರಿ ಹೋಟೆಲಿನಲ್ಲಿ ದಿನವೂ ಕೋಳಿ ಬೇಯಿಸುತ್ತಿದ್ದ ನಿಂಗರಾಜು.