ಎರಡು ಗಾಯದ ಗುರುತು

ಮದುವೆಯಾಗಿ ಹನ್ನೊಂದು ವರ್ಷವಾದರೂ ಅವರಿಗೆ ಮಕ್ಕಳಾಗಲಿಲ್ಲ. ಗಂಡನನ್ನು ಸಾಕಿ ಬೆಳೆಸಿದ ಅಣ್ಣ, ಶಾಲೆಯ ಮೇಷ್ಟ್ರು, ಅವನಿಗೆ ಬೇರೆ ಹೆಣ್ಣು ಗೊತ್ತು ಮಾಡಿದ. ತವರಿಗೆ ಹೊರಡುವ ಮುಂಚೆ ಹೆಂಡತಿ ಕೇಳಿದ್ದು ಒಂದೇ: "ಇಬ್ಬರೂ ಒಂದು ಸಲ ಡಾಕ್ಟರಿಗೆ ತೋರಿಸೋಣ."

ಅವಳಲ್ಲಿ ಯಾವ ದೋಷವೂ ಕಾಣಲಿಲ್ಲ. ಅವನ ವೀರ್ಯದಲ್ಲಿ ಒಂದೂ ವೀರ್ಯಾಣು ಇರಲಿಲ್ಲ. ಡಾಕ್ಟರು ಅವನನ್ನು ಪರದೆಯ ಹಿಂದೆ ಪರೀಕ್ಷಿಸಿ ಬಂದು ಕುಳಿತರು.

"ವೃಷಣಗಳು ಚೆನ್ನಾಗಿವೆ. ಅಲ್ಲಿ ವೀರ್ಯಾಣು ತಯಾರಾಗ್ತಾನೇ ಇರಬೇಕು. ಆದರೆ ಅವು ಹೊರಗೆ ಬರೋ ನಾಳಗಳನ್ನ ಎರಡೂ ಕಡೆ ಕತ್ತರಿಸಿ ಕಟ್ಟಿದ್ದಾರೆ, ಗಾಯದ ಗುರುತಿದೆ. ಫ್ಯಾಮಿಲಿ ಪ್ಲಾನಿಂಗ್ ಆಪರೇಷನ್ ಮಾಡಿಸ್ಕೊಂಡು ಹೆಂಡತಿಯಿಂದ ಮುಚ್ಚಿಟ್ರಾ?"

"ದೇವರಾಣೆ ಇಲ್ಲ ಸಾರ್. ಹತ್ತೊಂಬತ್ತನೇ ವಯಸ್ಸಲ್ಲಿ ಸೈಕಲ್ಲಿಂದ ಬಿದ್ದು ಅಲ್ಲಿ ಬಾವು ಬಂದಿತ್ತು. ನೀರು ತೆಗೀತಾರೆ ಅಂತ ಅಣ್ಣ ಸರ್ಕಾರಿ ಡಾಕ್ಟರ ಶಿಬಿರಕ್ಕೆ ಕರಕೊಂಡು ಹೋಗಿದ್ದ."

"ಯಾವ ವರ್ಷ?"

"ಎಪ್ಪತ್ತಾರು. ಎಮರ್ಜೆನ್ಸಿ ಟೈಮು."

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಹೆಂಡತಿ ಮೊದಲ ಸಲ ಬಾಯಿಬಿಟ್ಟಳು.

"ಆಗ ಭಾವನಿಗೆ ಮೂರು ಮಕ್ಕಳು. ಆಪರೇಷನ್ ಮಾಡಿಸ್ಕೊಂಡ ಸರ್ಟಿಫಿಕೇಟ್ ತರದಿದ್ರೆ ಕೆಲಸ ಹೋಗ್ತಿತ್ತು, ಹೇಗೋ ಒಂದು ಕೊಟ್ಟು ಉಳಿಸ್ಕೊಂಡ್ರು ಅಂತ ಭಾವನ ಹೆಂಡತಿ ಹೇಳ್ತಿದ್ರು. ಆಮೇಲೂ ಅವರಿಗೆ ಎರಡು ಮಕ್ಕಳಾದವು."

ಅವಳು ಗಂಡನ ಕಡೆ ತಿರುಗಿದಳು.

"ಶಿಬಿರದಲ್ಲಿ ಯಾರ ಹೆಸರು ಕೂಗಿದ್ರು?" ಅವಳು ಕೇಳಿದಳು.

"ಅಣ್ಣನದು," ಎಂದ ಅವನು. "ಬರೆಯೋವ್ರು ತಪ್ಪು ಮಾಡಿದ್ದಾರೆ, ನೀನೇ ಹೋಗಪ್ಪ ಅಂತ ತಲೆ ಸವರಿ ಒಳಗೆ ಕಳಿಸಿದ."