ಹೂಂ

ವಿಶ್ವವಿದ್ಯಾಲಯದಿಂದ ಸಕ್ಕರೆ ಕಾಯಿಲೆಯ ಸಂಶೋಧನೆಗೆಂದು ತಿಂಗಳಿಗೊಮ್ಮೆ ಬರುವ ಡಾಕ್ಟರಮ್ಮ ಚೀಲ ಬಿಚ್ಚುವ ಮೊದಲೇ ಆಯಿ ಅವಳ ಕೈ ಹಿಡಿದಳು.

"ಹೆಣ್ಮಗಳು ಹಿಂಗ ಬರಿಗೈಲೆ ಇರಬಾರದವ್ವಾ," ಎಂದು ಕೈತುಂಬ ಹಸಿರು ಗಾಜಿನ ಬಳೆ ತೊಡಿಸಿದಳು.

ಡಾಕ್ಟರಮ್ಮ ಬಳೆಗಳನ್ನು ಸವರಿದಳು. ಹೋದ ಸಲ ಇದೇ ಕಟ್ಟೆಯ ಮೇಲೆ ಕೂತು, ಆಯಿಯ ಗಂಡ ಮುತ್ಯಾನ ಪಾದದಲ್ಲಿ ಸ್ಪರ್ಶಜ್ಞಾನವೇ ಉಳಿದಿಲ್ಲ, ದೊಡ್ಡ ದವಾಖಾನೆಗೆ ಸೇರಿಸಬೇಕು ಎಂದು ಹೇಳಿ ಈ ಮುದುಕಿಯನ್ನು ಅಳಿಸಿದವಳು ಅವಳೇ. ಹಿಂದೊಮ್ಮೆ ಆ ದವಾಖಾನೆಗೆ ನಡೆದುಕೊಂಡು ಹೋದ ಮುತ್ಯಾನ ತಮ್ಮ ಒಂಟಿಕಾಲಲ್ಲಿ ತಿರುಗಿ ಬಂದಿದ್ದ, ಮಳೆಗಾಲ ದಾಟಿರಲಿಲ್ಲ.

"ಕಣ್ಣು ಮುಚ್ಚಿಕೊಳ್ರಿ ಮುತ್ಯಾ. ಪಾದಕ್ಕ ಈ ನೈಲಾನ್ ಎಳಿ ತಾಗಿದ್ದು ಗೊತ್ತಾದರ ಹೂಂ ಅನ್ರಿ."

ಹೆಬ್ಬೆರಳಿಗೆ ತಾಗಿಸಿದಳು.

"ಹೂಂ."

ಹಿಮ್ಮಡಿಗೆ ತಾಗಿಸಿದಳು.

"ಹೂಂ."

ಪರೀಕ್ಷಿಸಲೆಂದೇ ಸ್ವಲ್ಪ ಹೊತ್ತು ಎಳೆ ತಾಗಿಸದೆ, ಅಲುಗಾಡದೆ ಕೂತಳು. ಮುತ್ಯಾನೂ ಸುಮ್ಮನಿದ್ದ. ಮತ್ತೆ ಕಿರುಬೆರಳಿಗೆ ತಾಗಿಸಿದಳು.

"ಹೂಂ."

ಅವಳಿಗೆ ನಂಬಲಾಗಲಿಲ್ಲ. ಇಷ್ಟು ದಿನದ ಗುಳಿಗೆ, ಪಥ್ಯ, ಆರೈಕೆ ಎಲ್ಲ ಫಲ ಕೊಟ್ಟಿತ್ತು.

"ಪಾದಕ್ಕ ಜೀವ ಬಂದೈತಿ ಆಯಿ! ಇನ್ನೊಂದ ಕಡೆ ನೋಡೂದೈತಿ. ಮುತ್ಯಾ, ಕಣ್ಣು ತೆರೀಬ್ಯಾಡ್ರಿ."

"ಹಂಗಾರ ದವಾಖಾನಿ ಬ್ಯಾಡಲ್ಲವ್ವಾ?" ಆಯಿ ಎತ್ತಲೋ ನೋಡುತ್ತ ಕೇಳಿದಳು.

"ಬ್ಯಾಡ ಆಯಿ, ಬ್ಯಾಡ."

ಸಂತೋಷಕ್ಕೆ ಡಾಕ್ಟರಮ್ಮನ ಕಣ್ಣು ತುಂಬಿ ಬಂತು. ಎಳೆಯನ್ನು ಪಕ್ಕಕ್ಕಿಟ್ಟು, ಕಣ್ಣೊರೆಸಿಕೊಳ್ಳಲು ಕೈ ಎತ್ತಿದಳು. ಬಳೆಗಳು ಘಲ್ಲೆಂದವು.

"ಹೂಂ," ಎಂದ ಮುತ್ಯಾ.